ಅತ್ತೆ ತೊಳೆದ ಬಂದೂಕು

ಏಜೆನ್ಸಿಯ ಸೂಪರ್‌ವೈಸರ್ ಫೋನು ಮಾಡಿದಾಗ ಕಾವಲುಗಾರ ಹಲ್ಲು ಉಜ್ಜುತ್ತಿದ್ದ. ಹಲ್ಲು ಬಾಯಲ್ಲಿರಲಿಲ್ಲ, ಕೈಯಲ್ಲಿತ್ತು. ಮೇಲಿನ ಸಾಲು ಪೂರ್ತಿ ಕಟ್ಟಿಸಿಕೊಂಡದ್ದು. ಅದನ್ನು ಉಜ್ಜಲೆಂದೇ ದಪ್ಪ ಹಿಡಿಕೆಯ ಒಂದು ಬ್ರಷ್ಷು ಇತ್ತು. ಆ ಬ್ರಷ್ಷನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಬಂದೂಕು ಮೇಸ್ತ್ರಿ ಬರ್ತಾನೆ," ಅಂದ ಸೂಪರ್‌ವೈಸರ್. "ಒಳಗೂ ಹೊರಗೂ ಎಲ್ಲೂ ತುಕ್ಕು ಇರಬಾರದು. ತುಕ್ಕು ಕಂಡ್ರೆ ಬಂದೂಕು ಟ್ರಂಕಿಗೆ, ನೀವು ನೆಲಮಾಳಿಗೆ ಪಾರ್ಕಿಂಗಿಗೆ. ಸೀಟಿ ಅವನೇ ಕೊಡ್ತಾನೆ."

"ಫೀಟಿನಾ, ಫಾರ್?"

"ಏನಂದ್ರಿ?"

ಕಾವಲುಗಾರ ಹಲ್ಲಿನ ಸೆಟ್ಟನ್ನು ಬಾಯಿಗೆ ಸೇರಿಸಿಕೊಂಡು ಇನ್ನೊಮ್ಮೆ ಕೇಳಿದ. "ಸೀಟಿನಾ, ಸಾರ್?"

"ಸೀಟಿನೇ. ಕಾರು ಹಿಂದಕ್ಕೆ ತೆಗೆಯೋರಿಗೆ ಊದಬೇಕಲ್ಲ."

ಕಾವಲುಗಾರ ಫೋನು ಕೆಳಗಿಟ್ಟ. ಕಟ್ಟಿಸಿದ ಹಲ್ಲಿಗೂ ಸೀಟಿಗೂ ಆಗಿಬರುವುದಿಲ್ಲ. ಪಾರ್ಕಿಂಗಿನವನು ರಜೆ ಹಾಕಿದ್ದಾಗ ಅವನ ಬದಲು ಒಂದು ದಿನ ಇವನು ನಿಂತಿದ್ದ. ಜೋರಾಗಿ ಊದಿದ ಮೊದಲ ಸಲಕ್ಕೇ ಸೀಟಿ ಬಾಯಲ್ಲಿ ಉಳಿದು ಹಲ್ಲು ಹೊರಗೆ ಹಾರಿತು. ಹಾರಿದ್ದು ಒಂದು ಬಿಳಿ ಕಾರಿನ ಬಾನೆಟ್ಟಿನ ಮೇಲೆ ಬಿದ್ದು ತನ್ನಷ್ಟಕ್ಕೆ ನಗುತ್ತಾ ಕೂತಿತು. ಕಾರಿನೊಳಗಿದ್ದ ಹೆಂಗಸು ಕಿರುಚಿಕೊಂಡು ಹಿಂದಕ್ಕೆ ತೆಗೆಯಬೇಕಿದ್ದ ಕಾರನ್ನು ಮುಂದಕ್ಕೆ ಬಿಟ್ಟರು. ಕಂಬಕ್ಕೆ ಅಂಥ ಪೆಟ್ಟೇನೂ ಆಗಲಿಲ್ಲ. ಆದರೆ ಪಾರ್ಕಿಂಗಿನ ಹುಡುಗರು ಇಂದಿಗೂ ಇವನನ್ನು ಕಂಡರೆ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ಆಭರಣದ ಅಂಗಡಿಯ ಬಾಗಿಲ ಕೆಲಸದಲ್ಲಿ ಬಾಯಿಗೆ ಕೆಲಸವಿಲ್ಲ. ಬಿಳಿ ಕೈಗವಸು ಹಾಕಿಕೊಳ್ಳಬೇಕು, ಬಂದೂಕು ಹಿಡಿದು ನಿಲ್ಲಬೇಕು, ಮೀಸೆಯ ಮೇಲೆ ಕೈಯಾಡಿಸಬೇಕು. ಮೀಸೆ ಅವನಿಗೆ ಧಾರಾಳವಾಗಿತ್ತು. ಬೀದಿಯವರು ಅವನನ್ನು ಕರೆಯುವುದೇ ಮೀಸೆಯಣ್ಣ ಎಂದು. ಅದು ಎರಡು ಕೆನ್ನೆಯನ್ನೂ ಮುಟ್ಟುವಷ್ಟು ಅಗಲ, ಡಾಂಬರಿನಷ್ಟು ಕಪ್ಪು. ಅಗಲ ಅವನ ಸ್ವಂತದ್ದು. ಕಪ್ಪು ಮೂಲೆಯಂಗಡಿಯ ಕೆಂಪು ಡಬ್ಬಿಯದು.

ಬಂದೂಕೂ ಅವನದೇ, ಲೈಸೆನ್ಸು ಅವನ ಹೆಸರಿನಲ್ಲಿತ್ತು. ಒಂಟಿ ನಳಿಗೆಯ ಹಳೇ ಬಂದೂಕು. ಸಂಜೆ ಅದನ್ನು ಗವಸಿನೊಳಗೆ ಹಾಕಿ ಮನೆಗೆ ತಂದು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಕೆಲಸದ ಮೇಲೆ ಅದು ಒಮ್ಮೆಯೂ ಹಾರಿರಲಿಲ್ಲ. ಹಾರದ ಬಂದೂಕಿಗೆ ಏನು ತೊಳೆಯುವುದು ಎಂಬ ಧೈರ್ಯದಲ್ಲಿ ಅವನು ಅದರ ಒಳಗನ್ನು ನೋಡುವುದನ್ನೇ ಬಿಟ್ಟಿದ್ದ.

ಅಂದು ಅಂಗಡಿಗೆ ವಾರದ ರಜೆ. ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಅವನು ಬಂದೂಕನ್ನು ಮಲಗಿಸಿದ. ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಫ್ರಾಕಿಗೆ ಲೈನಿಂಗ್ ಕೂಡಿಸುತ್ತಿದ್ದಳು. ಮನೆಯಲ್ಲೇ ಹೊಲಿದುಕೊಡುವುದು ಅವಳ ಕಸುಬು. ಮಗಳ ಮನೆಗೆ ಬಂದು ಒಂದು ವಾರವಾಗಿದ್ದ ಅತ್ತೆ ಸಿಂಕಿನ ಮುಂದೆ ನಿಂತು, ಆಗಲೇ ತೊಳೆದಿದ್ದ ಪಾತ್ರೆಗಳನ್ನು ಇನ್ನೊಮ್ಮೆ ತೊಳೆಯುತ್ತಿದ್ದರು.

ಅತ್ತೆಯ ಪಾತ್ರೆ ತೊಳೆಯುವಿಕೆಯ ಬಗ್ಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅವರ ಕಣ್ಣಿಗೆ ಕಪ್ಪು ಎಂಬುದು ಬಣ್ಣವಲ್ಲ, ಸೋಮಾರಿತನ. ಬಂದ ಮಾರನೆಯ ದಿನವೇ ಮಗಳ ಹೊಸ ನಾನ್‌ಸ್ಟಿಕ್ ಬಾಣಲೆಯನ್ನು ಕಂಡು, "ಎಷ್ಟು ದಿನದ ಮಸಿ ಕಣೇ ಇದು!" ಎಂದು ಕೂತವರು, ಅದರ ಕಪ್ಪು ಪದರವನ್ನೆಲ್ಲ ಕಿತ್ತು ಬಿಳಿ ಮಾಡಿದ ಮೇಲೇ ಎದ್ದಿದ್ದರು. ಅಂದಿನಿಂದ ಆ ಬಾಣಲೆಗೆ ಏನು ಹಾಕಿದರೂ ಅಂಟುತ್ತಿತ್ತು. ಅತ್ತೆ ಅದಕ್ಕೆ ಎಣ್ಣೆಯನ್ನು ಬೈದರು.

"ಬಂದೂಕು ತೊಳೆಯೋ ಕಿಟ್ಟು ಎಲ್ಲೇ?" ಎಂದು ಕಾವಲುಗಾರ ಕೇಳಿದ.

"ಇಲ್ಲೇ ಇದೆಯಲ್ರೀ," ಎಂದಳು ಹೆಂಡತಿ, ಸೂಜಿಯಿಂದ ಕಣ್ಣು ತೆಗೆಯದೆ.

ಇತ್ತು. ಆದರೆ ಒಂದೇ ಕಡೆ ಇರಲಿಲ್ಲ. ನಳಿಗೆಯೊಳಗೆ ತೂರಿಸುವ ಹಿತ್ತಾಳೆಯ ಕಡ್ಡಿ ಅಡುಗೆಮನೆಯ ಕಿಟಕಿಗೆ ಪರದೆ ಕಡ್ಡಿಯಾಗಿತ್ತು. ಅದರ ತುದಿಗೆ ಹಾಕುವ ಗುಂಡಗಿನ ಬ್ರಷ್ಷು ಹೊಲಿಗೆ ಯಂತ್ರದ ನೂಲಿನ ಜುಂಗು ತೆಗೆಯುತ್ತಿತ್ತು. ಒರೆಸುವ ಮೆತ್ತನೆ ಬಟ್ಟೆಯ ಸುರುಳಿ ನೆಗಡಿಯ ಕಾಲದಲ್ಲಿ ಕರ್ಚೀಫುಗಳಾಗಿ ಮುಗಿದುಹೋಗಿತ್ತು. ಎಣ್ಣೆಯನ್ನೆಲ್ಲ ಬಚ್ಚಲುಮನೆ ಬಾಗಿಲಿನ ತಿರುಗಣೆ ಕುಡಿದಿತ್ತು. ಕಿಟ್ಟಿನ ಚೀಲದಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿದ್ದವು.

"ಪರದೆ ಇಳಿಸು," ಎಂದ ಕಾವಲುಗಾರ.

"ಇಳಿಸಿದ್ರೆ ಎದುರು ಮನೆ ಯಜಮಾನ್ರು ಸ್ನಾನ ಮಾಡೋದು ನೋಡ್ಕೊಂಡು ನಾವು ಅಡುಗೆ ಮಾಡಬೇಕಾಗುತ್ತೆ."

"ಅವರಿಗೆ ಅಷ್ಟೊಂದು ನೀರು ಯಾಕೆ ಬೇಕೋ!" ಎಂದರು ಅತ್ತೆ ಸಿಂಕಿನ ಕಡೆಯಿಂದ. ಪರದೆ ಇದ್ದರೂ ಅವರು ಎಲ್ಲವನ್ನೂ ಗಮನಿಸಿದ್ದರು ಎಂದಾಯಿತು.

ಅಲ್ಲದೆ ಕಡ್ಡಿ ಪರದೆಯ ಭಾರಕ್ಕೆ ಬಿಲ್ಲಿನ ಹಾಗೆ ಬಾಗಿತ್ತು. ಬಾಗಿದ ಕಡ್ಡಿ ನೆಟ್ಟಗಿನ ನಳಿಗೆಯೊಳಗೆ ಹೋಗುವುದಿಲ್ಲ. ಇಷ್ಟು ವರ್ಷ ಬಂದೂಕಿನ ಸಾಮಾನನ್ನು ಮನೆ ತಿಂದಿದ್ದಾಯಿತು, ಈಗ ಮನೆಯ ಸಾಮಾನನ್ನು ಬಂದೂಕಿಗೆ ಕೊಡದೆ ದಾರಿಯಿರಲಿಲ್ಲ. ಹೆಂಡತಿ ಫ್ರಾಕನ್ನು ಪಕ್ಕಕ್ಕಿಟ್ಟು ಎದ್ದಳು. ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದಳು.

"ಮೊದಲು ಖಾಲಿ ಇದೆಯಾ ನೋಡ್ರಿ."

ತೋಟಾಗಳು ಮನೆಗೆ ಬರುತ್ತಿರಲಿಲ್ಲ, ಅಂಗಡಿಯ ತಿಜೋರಿಯಲ್ಲೇ ಇರುತ್ತಿದ್ದವು. ಆದರೂ ಕಾವಲುಗಾರ ನಳಿಗೆಯನ್ನು ಮಡಚಿ ನೋಡಿದ. ಹೆಂಡತಿ ನೋಡಿದಳು. ಅತ್ತೆ ಒದ್ದೆ ಬೆರಳು ಹಾಕಿ ನೋಡಿದರು.

"ಗುಂಡೆಲ್ಲ ಅಂಗಡಿಯಲ್ಲೇ ಇಡ್ತೀರಾ, ಅಳಿಯಂದ್ರೇ?"

"ಹೌದು ಅತ್ತೆ. ಮನೇಲಿ ಇಡಬಾರದು."

"ಹಾಗಾದ್ರೆ ಬೀರು ಹಿಂದೆ ಬಾಟಲಿಯಲ್ಲಿರೋದು?"

"ಅದು... ಬೇರೆ ಗುಂಡು ಅತ್ತೆ."

ಹೆಂಡತಿ ಗಂಡನನ್ನು ಒಮ್ಮೆ ನೋಡಿದಳು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ ಎಂಬ ನೋಟ ಅದು. ಈಗ ಟೇಪನ್ನು ನಳಿಗೆಯ ಪಕ್ಕದಲ್ಲಿ ಹಿಡಿದು ಅಳತೆ ತೆಗೆದಳು. "ಉದ್ದ ಜಾಸ್ತಿ, ಕತ್ತು ಸಣ್ಣ. ನಿಮ್ಮ ತಂಗಿ ಥರ."

ಬಾಟಲಿ ತೊಳೆಯುವ ಬ್ರಷ್ಷು ಒಳಗೆ ಸರಿಯಾಗಿ ಕೂತಿತು, ಆದರೆ ಅದರ ಹಿಡಿಕೆ ಗಿಡ್ಡ. ಅದಕ್ಕೆ ಮುರಿದ ಛತ್ರಿಯ ಕೋಲನ್ನು ಸೇರಿಸಿ ಹೆಂಡತಿ ಹೊಲಿಗೆ ದಾರದಿಂದ ಬಿಗಿಯಾಗಿ ಸುತ್ತಿದಳು. ಲೈನಿಂಗ್ ಬಟ್ಟೆಯ ಚೂರುಗಳನ್ನು ಚೌಕ ಚೌಕವಾಗಿ ಕತ್ತರಿಸಿದಳು. ಎಣ್ಣೆಗೆ ಹೊಲಿಗೆ ಯಂತ್ರದ ಎಣ್ಣೆಯೇ ಆಯಿತು, ಅದು ತೆಳು, ಅಂಟಾಗುವುದಿಲ್ಲ. ತಲೆಗೆ ಹಚ್ಚುವ ಎಣ್ಣೆ ಇದೆಯಲ್ಲ ಎಂದು ಅತ್ತೆ ಬಾಟಲಿ ಹಿಡಿದುಕೊಂಡು ಬಂದರು. ಅದು ನಾಲ್ಕು ದಿನದಲ್ಲಿ ಗೋಂದಾಗುತ್ತದೆ ಎಂದು ಮಗಳು ತಿರುಗಿಸಿ ಕಳಿಸಿದಳು. "ಅದಕ್ಕೇ ನಿನ್ನ ತಲೆ ಹಾಗಿರೋದು," ಎಂದು ಅತ್ತೆ ಹೋದರು.

ಮೊದಲ ಸಲ ನೂಕಿದಾಗ ನಳಿಗೆಯ ಇನ್ನೊಂದು ತುದಿಯಿಂದ ಒಂದು ಜೇಡ ಹೊರಗೆ ಬಂತು. ಬಾಡಿಗೆಗಿದ್ದವರನ್ನು ಹೇಳದೆ ಕೇಳದೆ ಖಾಲಿ ಮಾಡಿಸಿದರೆ ಹೇಗೆ ನೋಡುತ್ತಾರೋ ಹಾಗೆ ಮೂವರನ್ನೂ ನೋಡಿ ಮೇಜಿನ ಕಾಲಿನಿಂದ ಇಳಿದುಹೋಯಿತು. ಅದರ ಹಿಂದೆ ಬಲೆ, ಬಲೆಯ ಹಿಂದೆ ಕಂದು ಬಣ್ಣದ ಪುಡಿ. ತುಕ್ಕು. ಕಾವಲುಗಾರ ಹಲ್ಲು ಕಚ್ಚಿ ಉಜ್ಜಿದ, ಸೆಟ್ಟು ಕಿರ್ ಎಂದಿತು, ಕಚ್ಚುವುದನ್ನು ಬಿಟ್ಟು ಉಜ್ಜಿದ. ಹೆಂಡತಿ ಬಟ್ಟೆ ಚೂರು ಬದಲಿಸಿಕೊಟ್ಟಳು. ಕಂದು ಬಂತು, ಬೂದು ಬಂತು, ಕೊನೆಗೆ ಬಟ್ಟೆ ಹೋದ ಹಾಗೇ ಹೊರಗೆ ಬಂತು. ಕಿಟಕಿಗೆ ಹಿಡಿದು ನೋಡಿದರೆ ಒಳಗೆ ಕನ್ನಡಿ.

"ಮೂಲೆಗಳಲ್ಲಿ ಇನ್ನೂ ಇದೆ," ಎಂದಳು ಹೆಂಡತಿ. "ಸಣ್ಣ ಬ್ರಷ್ಷು ಬೇಕು. ಗಟ್ಟಿ ಕೂದಲಿಂದು."

ಇಬ್ಬರ ಕಣ್ಣೂ ಒಂದೇ ಕಡೆ ಹೋಯಿತು.

"ಅದು ಬೇಡ ಕಣೇ."

"ಸೀಟಿ ಬೇಕಾ, ಬ್ರಷ್ಷು ಬೇಕಾ?"

ಹಲ್ಲಿನ ಸೆಟ್ಟಿನ ಬ್ರಷ್ಷು ಬಂದೂಕಿನ ಮೂಲೆ ಮೂಲೆಗಳನ್ನು ಹೊಕ್ಕು ಬಂತು. ಅದು ಮಾಡಿದಷ್ಟು ಚೊಕ್ಕ ಕೆಲಸವನ್ನು ಅಂದು ಇನ್ನಾವ ಸಾಮಾನೂ ಮಾಡಲಿಲ್ಲ.

ಊಟವಾದ ಮೇಲೆ ಕಾವಲುಗಾರ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಸಲು ಹೋದ. ಹೋದವನು ದಾರಿಯಿಂದ ಫೋನು ಮಾಡಿದ. ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಅತ್ತೆ ಎತ್ತಿದರು.

"ಅತ್ತೆ, ಅವಳಿಗೆ ಹೇಳಿ, ಕುದುರೆಗೆ ಒಂದು ತೊಟ್ಟು ಎಣ್ಣೆ ಬಿಡೋಕೆ. ಒಂದೇ ತೊಟ್ಟು."

"ಕುದುರೆಗಾ?"

"ಹೌದು. ಜಾಸ್ತಿ ಬಿಟ್ರೆ ಜಾರುತ್ತೆ."

ಅತ್ತೆ ಫೋನು ಇಟ್ಟು ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿ ನೋಡಿದರು. ಸೈಕಲ್ಲು, ಸ್ಕೂಟರು, ಒಂದು ಬೆಕ್ಕು. "ಕುದುರೇನ ಎಲ್ಲಿ ಕಟ್ಟಿದ್ದಾರೆ ಕಣೇ ನಿನ್ನ ಗಂಡ?"

ಹೆಂಡತಿ ಸೂಜಿಗಳನ್ನು ತೆಗೆದು ನಕ್ಕು ಮುಗಿಸುವುದಕ್ಕೇ ಹೊತ್ತು ಹಿಡಿಯಿತು. ಬೆರಳಿನಿಂದ ಎಳೆಯುವ ಕೊಕ್ಕೆಗೆ ಕುದುರೆ ಎನ್ನುತ್ತಾರೆ ಎಂದು ತೋರಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಮುಗಿದ ಫ್ರಾಕನ್ನು ಕೊಡಲು ಆಚೆ ಬೀದಿಗೆ ಹೋದಳು. ಹೋಗುವಾಗ, "ಅಮ್ಮ, ಮೇಜಿನ ಮೇಲಿಂದು ಹಾಗೇ ಇರಲಿ," ಎಂದಳು. ಅಷ್ಟು ಹೇಳಿದರೆ ಸಾಲದು ಎಂದು ಬಾಣಲೆಯಿಂದ ಅವಳು ಕಲಿತಿರಬೇಕಿತ್ತು.

ಮನೆಯಲ್ಲಿ ಅತ್ತೆ ಮತ್ತು ಬಂದೂಕು ಉಳಿದರು.

ಅತ್ತೆ ನಳಿಗೆಯ ಒಳಗನ್ನು ನೋಡಿದರು. ಬೆಳ್ಳಗೆ ಫಳಫಳ. ಹೊರಗನ್ನು ನೋಡಿದರು. ಕಪ್ಪು. ಮಗಳು ಅಳಿಯ ಇಬ್ಬರೂ ಸೇರಿ ಅಷ್ಟು ಹೊತ್ತು ಒಳಗನ್ನು ತೊಳೆದು ಹೊರಗಿನ ಮಸಿಯನ್ನು ಹಾಗೇ ಬಿಟ್ಟಿದ್ದರು. ಈ ಕಾಲದವರ ಕೆಲಸವೇ ಹೀಗೆ. ಅತ್ತೆ ಸೆರಗು ಸಿಕ್ಕಿಸಿಕೊಂಡರು.

ಬಂದೂಕಿನ ನಳಿಗೆಯ ನೀಲಿಗಪ್ಪು ಕೊಳೆಯಲ್ಲ. ತುಕ್ಕು ಬೇಗ ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಬಿಸಿ ರಾಸಾಯನಿಕದಲ್ಲಿ ಅದ್ದಿ ತರಿಸುವ ಹದ. ತರಿಸುವುದು ಕಷ್ಟ, ತೆಗೆಯುವುದು ಸುಲಭ. ಹುಳಿಯಾದ ಯಾವ ದ್ರವವಾದರೂ ತೆಗೆಯುತ್ತದೆ. ವಿನೆಗರ್ ಬಹಳ ಚೆನ್ನಾಗಿ ತೆಗೆಯುತ್ತದೆ. ಅತ್ತೆ ಮೊದಲು ನಿಂಬೆಹಣ್ಣಿನ ಹೋಳಿನಿಂದ ಉಜ್ಜಿದರು, ಆಮೇಲೆ ವಿನೆಗರ್ ಸುರಿದರು, ಕೊನೆಗೆ ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಕೆಲಸ ಪೂರೈಸಿದರು. ನೀರಿನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಚಮಚಗಳ ಪಕ್ಕದಲ್ಲಿ ಒಣಗಲು ಒರಗಿಸಿದರು.

ಕಾವಲುಗಾರ ಗರಿಗರಿ ಸಮವಸ್ತ್ರ ಹಿಡಿದು ಒಳಗೆ ಬಂದಾಗ ಮೊದಲು ಹೊಸ ನಲ್ಲಿ ಹಾಕಿಸಿದ್ದಾರೆ ಎಂದುಕೊಂಡ.

"ಮುಖ ಕಾಣುತ್ತೆ ನೋಡಿ ಬೇಕಾದ್ರೆ," ಎಂದರು ಅತ್ತೆ.

ಕಂಡಿತು. ಉದ್ದಕ್ಕೆ ಎಳೆದ, ರಕ್ತವಿಲ್ಲದ ಮುಖ, ಅದರ ನಡುವೆ ಮೀಸೆ. ಹೆಂಡತಿ ಬಂದು ನೋಡಿ ಟೇಪು ಕೆಳಗೆ ಬಿಟ್ಟಳು.

"ಅಮ್ಮಾ! ಇದೂ ಬಾಣಲೇನಾ?"

"ಬಾಣಲೆಗಿಂತ ಬೇಗ ಬಿಟ್ಟಿತು," ಎಂದರು ಅತ್ತೆ ತೃಪ್ತಿಯಿಂದ.

ವಿಷಯವನ್ನು ಅತ್ತೆಗೆ ಬಿಡಿಸಿ ಹೇಳಲಾಯಿತು. ಕಪ್ಪು ಕೊಳೆಯಲ್ಲ, ಬಣ್ಣ. ಕಪ್ಪಿಲ್ಲದ ಬಂದೂಕನ್ನು ನೋಡಿದರೆ ಮೇಸ್ತ್ರಿ ಒಪ್ಪುವುದಿಲ್ಲ. ಒಪ್ಪದಿದ್ದರೆ ಸೀಟಿ. ಸೀಟಿ ಎಂದರೆ ಹಲ್ಲು. ಅತ್ತೆ ನಾಲಿಗೆ ಕಚ್ಚಿಕೊಂಡರು. ಆದರೆ ತಪ್ಪು ಮಾಡಿ ಸುಮ್ಮನೆ ಕೂರುವ ಪೈಕಿ ಅವರಲ್ಲ.

"ಕಪ್ಪು ತಾನೇ? ಕಬ್ಬಿಣದ ಕಾವಲಿ ಕಪ್ಪು ಮಾಡೋಲ್ವಾ? ಎಣ್ಣೆ ಸವರಿ ಒಲೆ ಮೇಲಿಟ್ಟು ಹೊಗೆ ಬರೋ ತನಕ ಕಾಯಿಸಿದ್ರೆ ಆಯ್ತು."

"ಅತ್ತೆ, ಇದು ಕಾವಲಿ ಅಲ್ಲ, ಕಾವಲು! ಕಾಯಿಸಿದ್ರೆ ನಳಿಗೆ ಹದ ಕೆಡುತ್ತೆ."

ಬೂಟ್ ಪಾಲಿಶ್ ಹಚ್ಚಿ ನೋಡಿದರು. ಚೆನ್ನಾಗಿಯೇ ಹಿಡಿಯಿತು. ಕಾವಲುಗಾರ ಬಿಳಿ ಕೈಗವಸು ಹಾಕಿ ಹಿಡಿದ. ಬಂದೂಕು ಬಿಳಿಯಾಯಿತು, ಕೈಗವಸು ಕಪ್ಪಾಯಿತು.

"ಕಬ್ಬಿಣಕ್ಕೆ ಬಣ್ಣ ಯಾಕಪ್ಪಾ ಬೇಕು," ಎಂದು ಅತ್ತೆ ಗೊಣಗಿದರು. "ವಯಸ್ಸಾದೋರು ಮೀಸೆಗೆ ಹಚ್ಚೋ ಹಾಗೆ."

ಹೆಂಡತಿ ಗಂಡನ ಮೀಸೆ ನೋಡಿದಳು. ಅತ್ತೆ ನೋಡಿದರು. ಕಾವಲುಗಾರ ಅದನ್ನು ಎರಡೂ ಕೈಯಿಂದ ಮುಚ್ಚಿಕೊಂಡ.

ಕೆಂಪು ಡಬ್ಬಿಯಲ್ಲಿ ಒಂದೇ ಪೊಟ್ಟಣ ಉಳಿದಿತ್ತು. ಅದನ್ನು ಅಂದು ಸಂಜೆಯ ಮೀಸೆಗೆಂದು ಇಟ್ಟಿದ್ದ, ಏಕೆಂದರೆ ಬುಡದಲ್ಲಿ ಬಿಳಿ ಆಗಲೇ ಎದ್ದು ಕಾಣುತ್ತಿತ್ತು. ಹೆಂಡತಿ ಮೂಲೆಯಂಗಡಿಗೆ ಓಡಿ ಬರಿಗೈಯಲ್ಲಿ ಬಂದಳು.

"ಕಪ್ಪು ಖಾಲಿಯಂತೆ. ಬರ್ಗಂಡಿ ಇದೆಯಂತೆ."

"ಅದು ಯಾವ ಬಣ್ಣ?"

"ಬೀಟ್‌ರೂಟ್ ಥರ. ಬಂದೂಕಿಗೆ ಅದನ್ನ ಹಚ್ಚೋಣ್ವಾ?"

"ಕೆಂಪು ಬಂದೂಕು ಹಿಡ್ಕೊಂಡು ನಿಂತ್ರೆ ಮಕ್ಕಳು ಬಂದು ಬಲೂನು ಕೇಳ್ತಾವೆ ಕಣೇ."

"ಹಾಗಾದ್ರೆ ಮೀಸೆಗೆ?"

"ಮೀಸೆ ಕೆಂಪಗಿದ್ರೆ ಅಂಗಡಿಯೋರೇ ಬಲೂನು ಕೊಡ್ತಾರೆ."

ಪೊಟ್ಟಣ ಒಂದು, ಬೇಕಾದವರು ಇಬ್ಬರು. ಕಾವಲುಗಾರ ಸ್ವಲ್ಪ ಹೊತ್ತು ಕನ್ನಡಿಯ ಮುಂದೆ ನಿಂತ. ಮೀಸೆಯ ಎರಡೂ ತುದಿಯನ್ನು ಒಮ್ಮೆ ತಿರುವಿದ. ಆಮೇಲೆ ಪೊಟ್ಟಣವನ್ನು ಹೆಂಡತಿಯ ಕೈಗೆ ಕೊಟ್ಟು, "ಅದಕ್ಕೇ ಹಚ್ಚು," ಎಂದು ಮುಖ ತಿರುಗಿಸಿದ.

ಕೂದಲಿಗೆ ಹಿಡಿಯುವ ಹಾಗೆ ಈ ಬಣ್ಣ ಕಬ್ಬಿಣಕ್ಕೆ ಹಿಡಿಯುವುದಿಲ್ಲ. ಒಣಗಿದ ಮೇಲೆ ಪುಡಿಯಾಗಿ ಸುಮ್ಮನೆ ಕೂತಿರುತ್ತದೆ, ಊದಿದರೆ ಹೋಗುತ್ತದೆ. ಅದಕ್ಕೂ ಹೆಂಡತಿಯ ಬಳಿ ಉಪಾಯವಿತ್ತು. ಕತ್ತರಿಸಿದ ಬಟ್ಟೆಯ ಅಂಚಿನಿಂದ ನೂಲು ಬಿಡದಿರಲೆಂದು ಅವಳು ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚುತ್ತಿದ್ದಳು. ಬಣ್ಣ ಒಣಗಿದ ಮೇಲೆ ಅದರ ಮೇಲೆ ನೇಲ್ ಪಾಲಿಶ್‌ನ ಒಂದು ಪದರ ಎಳೆದಳು. ಅತ್ತೆ ತಲೆಕೂದಲು ಒಣಗಿಸುವ ಡ್ರೈಯರ್ ಹಿಡಿದು ಬಂದೂಕಿಗೆ ಬಿಸಿಗಾಳಿ ಹಾಕಿದರು. "ಬೆಂಕಿ ಕೆಂಡದ ಹಾಗೆ ಕಾಯಿಸಬೇಡಮ್ಮ," ಎಂದು ಮಗಳು ಹೇಳುತ್ತಲೇ ಇದ್ದಳು. ದೀಪದ ಬೆಳಕಿನಲ್ಲಿ ಬಂದೂಕು ಕಪ್ಪಗೆ ಹೊಳೆಯಿತು. ಮುಂಚೆಗಿಂತ ಸ್ವಲ್ಪ ಜಾಸ್ತಿಯೇ. ಕೈಗವಸಿಗೆ ಅಂಟಲಿಲ್ಲ.

ಉಳಿದದ್ದು ಮೀಸೆ. ಬುಡ ಬಿಳಿ, ತುದಿ ಕಪ್ಪು, ದೂರದಿಂದ ನೋಡಿದರೆ ಮುಖದ ಮೇಲೆ ರೈಲ್ವೆ ಗೇಟು. ಹೆಂಡತಿ ಬಟ್ಟೆ ಕತ್ತರಿಸುವ ಕತ್ತರಿ ಎತ್ತಿಕೊಂಡಳು. ಕಪ್ಪೆಲ್ಲ ನೆಲಕ್ಕೆ ಬಿದ್ದ ಮೇಲೆ ಅಲ್ಲಿ ಗಿಡ್ಡನೆಯ, ಅಚ್ಚ ಬಿಳಿಯ ಬ್ರಷ್ಷೊಂದು ಕೂತಿತ್ತು.

"ನೋಡಿ, ಈಗ ಶುಭ್ರವಾಗಿದೆ," ಎಂದರು ಅತ್ತೆ, ಮೊದಲ ಸಲ ಅಳಿಯನನ್ನು ಪೂರ್ತಿಯಾಗಿ ಮೆಚ್ಚಿ.

ಬೆಳಿಗ್ಗೆ ಅಂಗಡಿಯ ಮ್ಯಾನೇಜರ್ ಮೇಡಂ ಬಾಗಿಲಲ್ಲಿ ಗಕ್ಕನೆ ನಿಂತರು. "ನಮಸ್ಕಾರ ಯಜಮಾನ್ರೇ. ಮೀಸೆಯಣ್ಣ ಬರ್ಲಿಲ್ವಾ? ನೀವು ಅವರ ತಂದೆನಾ?"

"ನಾನೇ, ಮೇಡಂ."

ಮೇಡಂ ಕಣ್ಣು ಕಿರಿದು ಮಾಡಿ ನೋಡಿದರು. "ಮನೇಲಿ ಏನಾದ್ರೂ ಆಯ್ತಾ? ಒಂದೇ ದಿನದಲ್ಲಿ..."

"ಅತ್ತೆ ಬಂದಿದ್ದಾರೆ."

"ಓ," ಎಂದರು ಮೇಡಂ. ಅವರಿಗೂ ಅತ್ತೆ ಇದ್ದಿರಬೇಕು, ಮುಂದೇನೂ ಕೇಳಲಿಲ್ಲ.

ಮೇಸ್ತ್ರಿ ಬಂದ. ಹೆಗಲಿಗೊಂದು ಚರ್ಮದ ಚೀಲ, ಕಣ್ಣಿಗೆ ದಪ್ಪ ಕನ್ನಡಕ. ವಯಸ್ಸು ಕಾವಲುಗಾರನಿಗಿಂತ ಕಡಿಮೆಯಿರಲಾರದು, ಆದರೆ ತಲೆ, ಮೀಸೆ, ಹುಬ್ಬು ಎಲ್ಲವೂ ಕಡುಗಪ್ಪು. ಗಾಜಿನ ಕೌಂಟರಿನ ಮೇಲೆ ಬಟ್ಟೆ ಹಾಸಿ, ಚೀಲದಿಂದ ಒಂದು ಹೊಸ ಸೀಟಿ ತೆಗೆದು ಬಟ್ಟೆಯ ಮೂಲೆಯಲ್ಲಿಟ್ಟ. ಕೆಂಪು ದಾರ ಕಟ್ಟಿದ ಸೀಟಿ. ಕಾವಲುಗಾರನ ನಾಲಿಗೆ ತಾನಾಗಿಯೇ ಹಲ್ಲಿನ ಸೆಟ್ಟನ್ನು ಮೇಲಕ್ಕೆ ಒತ್ತಿ ಹಿಡಿಯಿತು.

ಮೇಸ್ತ್ರಿ ನಳಿಗೆಯನ್ನು ಮಡಚಿ ದೀಪಕ್ಕೆ ಹಿಡಿದ. ಬಹಳ ಹೊತ್ತು ನೋಡಿದ.

"ಯಾವುದರಲ್ಲಿ ತೊಳೆದ್ರಿ?"

ಸುಳ್ಳು ಹೇಳಲು ಕಾವಲುಗಾರನಿಗೆ ಏನೂ ಹೊಳೆಯಲಿಲ್ಲ. "ಬಾಟಲಿ ಬ್ರಷ್ಷು, ಛತ್ರಿ ಕೋಲು, ಫ್ರಾಕಿನ ಲೈನಿಂಗು, ಹೊಲಿಗೆ ಮಿಷನ್ ಎಣ್ಣೆ ಸಾರ್. ಮೂಲೆಗೆ ಹಲ್ಲಿನ ಸೆಟ್ಟಿನ ಬ್ರಷ್ಷು."

"ಹ್ಞೂಂ. ಈ ಊರಲ್ಲಿ ಇಷ್ಟು ಚೊಕ್ಕ ನಳಿಗೆ ನಾನು ನೋಡಿಲ್ಲ ಕಣ್ರೀ."

ಕಾವಲುಗಾರನಿಗೆ ಉಸಿರು ಬಂತು. ಅಷ್ಟರಲ್ಲಿ ಮೇಸ್ತ್ರಿ ನಳಿಗೆಯ ಹೊರಮೈಯ ಮೇಲೆ ಹೆಬ್ಬೆರಳು ಎಳೆದ. ಅವನ ಉಗುರಿನ ತುದಿಗೆ ಏನೋ ಸಿಕ್ಕಿತು. ಎಳೆದ. ಹಾಲಿನ ಕೆನೆ ಏಳುವ ಹಾಗೆ ಕಪ್ಪು ಪದರವೊಂದು ಎದ್ದು ಬಂತು, ಅದರ ಕೆಳಗೆ ಅತ್ತೆಯ ಕೈಕೆಲಸ ಮಿಂಚಿತು.

ಮೇಡಂ ಬಗ್ಗಿ ನೋಡಿದರು. "ಏನದು?"

ಮೇಸ್ತ್ರಿ ಪದರವನ್ನು ಮೂಗಿಗೆ ಹಿಡಿದ. ಒಮ್ಮೆ ಮೂಸಿದ. ಇನ್ನೊಮ್ಮೆ ಮೂಸಿದ. ಅವನ ಕಣ್ಣು ಮೆಲ್ಲಗೆ ಮೇಲೆದ್ದು ಕಾವಲುಗಾರನ ಬಿಳಿ ಮೀಸೆಯ ಮೇಲೆ ನಿಂತಿತು. ಆಮೇಲೆ ಅವನು ಸೀಟಿಯನ್ನು ಕೈಗೆತ್ತಿಕೊಂಡ.

"ಹಸಿರು ಡಬ್ಬಿದೋ, ಕೆಂಪು ಡಬ್ಬಿದೋ?"

"ಕೆಂಪು, ಸಾರ್."

"ಗೊತ್ತಾಯ್ತು. ನಂದೂ ಅದೇ..." ಎಂದವನು ಮೇಡಂ ಇನ್ನೂ ಅಲ್ಲೇ ಇದ್ದಾರೆಂದು ನೆನಪಾಗಿ ಕೆಮ್ಮಿದ. "ಅಂದ್ರೆ, ನಂದೂ ಅದೇ ಅಭಿಪ್ರಾಯ. ಮೇಡಂ, ಒಂದು ಲೋಟ ನೀರು ಸಿಗುತ್ತಾ?"

ಮೇಡಂ ಒಳಗೆ ಹೋದರು. ಮೇಸ್ತ್ರಿ ಕೌಂಟರಿನ ಮೇಲೆ ಬಗ್ಗಿದ.

"ಯಾರು ಸ್ವಾಮಿ ಇದರ ಕಪ್ಪು ತೆಗೆದಿದ್ದು?"

"ಅತ್ತೆ. ಮಸಿ ಅಂದ್ಕೊಂಡ್ರು."

"ಮತ್ತೆ ಹಚ್ಚಿದ್ದು?"

"ಹೆಂಡತಿ. ಒಂದೇ ಪೊಟ್ಟಣ ಇತ್ತು. ನನಗೆ ಹಚ್ಚೋದಾ, ಇದಕ್ಕೆ ಹಚ್ಚೋದಾ ಅಂತ ಬಂದಾಗ..." ಕಾವಲುಗಾರ ಮೇಲ್ದುಟಿ ಮುಟ್ಟಿಕೊಂಡ. "ಸಾರ್, ಆ ಸೀಟಿ ಮಾತ್ರ ಬೇಡ. ನನ್ನ ಹಲ್ಲು ನಂದಲ್ಲ."

ಮೇಸ್ತ್ರಿ ಅವನನ್ನು ನೋಡಿದ. ಒಬ್ಬ ಮನುಷ್ಯ ತನ್ನ ಕೊನೆಯ ಪೊಟ್ಟಣವನ್ನು ಬಂದೂಕಿಗೆ ಬಿಟ್ಟುಕೊಟ್ಟಿದ್ದಾನೆ. ಅದು ಎಷ್ಟು ದೊಡ್ಡ ಮಾತು ಎಂಬುದು ಆ ಅಂಗಡಿಯಲ್ಲಿ ಅವನೊಬ್ಬನಿಗೇ ಗೊತ್ತಾಗುವಂತಿತ್ತು.

"ನನಗೆ ಹೇಳಿರೋದು ತುಕ್ಕು ನೋಡು ಅಂತ," ಎಂದ ಕೊನೆಗೆ. "ತುಕ್ಕು ಇದೆಯಾ? ಒಂದು ಚುಕ್ಕೆ ಇಲ್ಲ. ನಿಮ್ಮತ್ತೆ ಬಿಟ್ಟಿದ್ರೆ ತಾನೇ ಇರೋದು? ಬಣ್ಣ ನೋಡು ಅಂತ ನನಗೆ ಯಾರೂ ಹೇಳಿಲ್ಲ. ಆದ್ರೆ ಬರೀ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ. ದಿನಾ ಸಾಯಂಕಾಲ ಎಣ್ಣೆ ಒರೆಸಿ. ನಿಮ್ಮ ರಜೆ ದಿನ ನನ್ನ ವರ್ಕ್‌ಶಾಪಿಗೆ ತನ್ನಿ, ಸರಿಯಾದ ಕಪ್ಪು ಹಾಕ್ಕೊಡ್ತೀನಿ."

"ಆಗ್ಲಿ ಸಾರ್."

ಮೇಸ್ತ್ರಿ ಸೀಟಿಯನ್ನು ಚೀಲದ ಬಾಯಿಯವರೆಗೆ ತೆಗೆದುಕೊಂಡು ಹೋದ. ಅಲ್ಲೇ ನಿಲ್ಲಿಸಿದ. ಹಿಂದೆ ತಿರುಗಿ ನೋಡಿದ, ಮೇಡಂ ಇನ್ನೂ ಬಂದಿರಲಿಲ್ಲ.

"ಬಣ್ಣದ ಮೇಲೆ ಏನೋ ಹೊಳಪು ಕೊಟ್ಟಿದ್ದಾರಲ್ಲ, ಅದೇನು?"

"ನೇಲ್ ಪಾಲಿಶ್ ಸಾರ್. ಬಣ್ಣ ಇಲ್ಲದ್ದು."

"ಮಳೆಗೆ ನಿಲ್ಲುತ್ತಾ?"

"ಗೊತ್ತಿಲ್ಲ ಸಾರ್. ಬೆವರಿಗೆ ನಿಂತಿದೆ. ಕೈಗವಸಿಗೆ ಅಂಟಿಲ್ಲ."

"ದಿಂಬಿಗೆ?"

ಕಾವಲುಗಾರನಿಗೆ ಮೊದಲು ಅರ್ಥವಾಗಲಿಲ್ಲ. ಬಂದೂಕನ್ನು ಯಾರು ದಿಂಬಿನ ಮೇಲೆ ಮಲಗಿಸುತ್ತಾರೆ? ಆಮೇಲೆ ಮೇಸ್ತ್ರಿಯ ಮೀಸೆ ನೋಡಿದ, ಅರ್ಥವಾಯಿತು.

"ದಿಂಬಿಗೂ ಅಂಟಲ್ಲ ಅನ್ಸುತ್ತೆ ಸಾರ್. ಆದ್ರೆ..."

ಆದರೆ ಎಂಬುದನ್ನು ಮೇಸ್ತ್ರಿ ಕೇಳಿಸಿಕೊಳ್ಳಲಿಲ್ಲ. ಸೀಟಿ ಚೀಲದೊಳಗೆ ಬಿತ್ತು. ಮೇಡಂ ನೀರು ತಂದಾಗ, "ಬಂದೂಕು ಉತ್ತಮ ಸ್ಥಿತಿಯಲ್ಲಿದೆ," ಎಂದು ಹೇಳಿ ನೀರು ಕುಡಿಯದೆ ಹೊರಟುಹೋದ.

ಕಾವಲುಗಾರ ಬಾಗಿಲಲ್ಲೇ ಉಳಿದ. ಬಂದೂಕಿಗೆ ವರ್ಕ್‌ಶಾಪಿನಲ್ಲಿ ನಿಜವಾದ ಕಪ್ಪು ಬಂತು, ಅದನ್ನು ಅತ್ತೆಗೆ ತೋರಿಸದೆ ನೇರ ಟ್ರಂಕಿಗೆ ಸೇರಿಸಲಾಯಿತು. ಮೀಸೆಗೆ ಮಾತ್ರ ಅವನು ಮತ್ತೆ ಬಣ್ಣ ಹಚ್ಚಲಿಲ್ಲ. ಬಿಳಿ ಮೀಸೆಯವನ ಮುಂದೆ ಗಿರಾಕಿಗಳು ಕೇಳುವ ಮೊದಲೇ ಚೀಲ ಬಿಚ್ಚಿ ತೋರಿಸುತ್ತಿದ್ದರು, ಕೆಲವರು ಕೂರಲು ಸ್ಟೂಲು ಕೊಡಿ ಎಂದು ಮೇಡಂ ಜೊತೆ ಜಗಳವಾಡಿದರು. ಸ್ಟೂಲು ಬಂತು. ಹಲ್ಲಿನ ಸೆಟ್ಟಿಗೆ ಹೊಸ ಬ್ರಷ್ಷೂ ಬಂತು, ಹಳೆಯದು ಬಂದೂಕಿನ ಕಿಟ್ಟಿಗೆ ಸೇರಿತು.

ಮುಂದಿನ ಪರೀಕ್ಷೆಗೆ ಅದೇ ಮೇಸ್ತ್ರಿ ಬಂದ. ಅವನ ಮೀಸೆ ದೂರದಿಂದಲೇ ಹೊಳೆಯುತ್ತಿತ್ತು. ಗಾಳಿ ಬೀಸಿದರೂ ಒಂದು ಕೂದಲು ಅಲುಗುತ್ತಿರಲಿಲ್ಲ. ಮೇಲ್ದುಟಿ ಹಲಗೆಯ ಹಾಗೆ ಬಿಗಿದಿತ್ತು, ಕೆಳದುಟಿಗೆ ಅದನ್ನು ಮುಟ್ಟುವ ಧೈರ್ಯವಿರಲಿಲ್ಲ.

"ದಂದೂಕು ತೋರ್ಸಿ," ಎಂದ.

"ಏನು ಸಾರ್?"

"ದಂದೂಕು. ದಂದೂಕು!"

ಕಾವಲುಗಾರ ಬಂದೂಕು ಕೊಟ್ಟ. ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದ. ಹಲ್ಲಿನ ಸೆಟ್ಟು ಸಹ ತನ್ನ ಕೈಲಾದಷ್ಟು ಸಹಾಯ ಮಾಡಿತು. ಆದರೂ ಅವನ ಬಿಳಿ ಮೀಸೆ ನಡುಗತೊಡಗಿದ್ದನ್ನು ಕಂಡು ಮೇಸ್ತ್ರಿ ಗಾಬರಿಯಿಂದ ಎರಡು ಬೆರಳಿನಲ್ಲಿ ತನ್ನ ಮೀಸೆಯನ್ನು ಒತ್ತಿ ಹಿಡಿದ.

"ನಗಿಸದೇಡ್ರಿ," ಎಂದ. "ದಿರುಕು ದಿಡುತ್ತೆ."